ಬಾವಲಿ ಮರದ ಕೆಳಗೆ ಹಲಗೆ ಬಾರಿಸಬೇಡಿ

ತೆಲುಗು ಸೀಮೆಯ ದೊಡ್ಡ ಪಟ್ಟಣದ ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ವರ್ಷಗಳ ಮಾತು. ಸೇಡಂ ಕಡೆಯಿಂದ ಕಲ್ಲು ಹೊರಲು ಬಂದಿದ್ದ ನನಗೆ ಸೊಂಟ ಸೋತಿತ್ತು. ಆಗ ಒಂದು ಆಲದ ಮರ ಕಾಯುವ ಕೆಲಸ ಸಿಕ್ಕಿತು. ಮರದ ತುಂಬ ಬಾವಲಿಗಳು. ಉಬ್ಬಸಕ್ಕೆ ಔಷಧಿ ಎಂದು ಹೊಡೆದು ತಿನ್ನುವವರು ಬರುತ್ತಿದ್ದರು. ಅವರನ್ನು ಬೈದು ಓಡಿಸಬೇಕು. ಬೈಯಲು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕೆಲಸಕ್ಕೆ ಇಟ್ಟುಕೊಂಡವಳು ಮೈಸೂರಿನ ಶೈಲಾ. ಬಾವಲಿ ಉಳಿಸಲು ನಾಲ್ಕು ಜನ ಸೇರಿ ಕಟ್ಟಿದ ಸಂಘ ಅವಳದು. ಕೈಯಲ್ಲಿ ಕಾಸಿಲ್ಲ. ಆ ಬೇಸಿಗೆಯಲ್ಲಿ ಪಕ್ಕದ ಒಂದು ಕಂಪನಿ ಮರಕ್ಕೆ ಬೇಲಿ ಹಾಕಿಸಿ, ಕಾವಲಿನ ಪಗಾರವನ್ನೂ ಕೊಡಲು ಒಪ್ಪಿತು. ಆದರೆ ಚೆಕ್ಕು ಕೊಡುವ ಸಮಾರಂಭ ಮರದ ಕೆಳಗೇ ಆಗಬೇಕಂತೆ, ಪೇಪರಿನವರು ಫೋಟೋ ತೆಗೆಯಬೇಕಂತೆ.

"ಬ್ಯಾಡವ್ವಾ. ಈಗ ಎಲ್ಲಾವೂ ಎದಿಗೆ ಮರಿ ಕಟ್ಕೊಂಡು ಜೋತಾಡಾಕತ್ತಾವು" ಎಂದೆ.

"ಹತ್ತು ನಿಮಿಷ ಅಷ್ಟೇ ಅಜ್ಜಿ. ಇದೂ ಕೈಬಿಟ್ಟು ಹೋದ್ರೆ ಸಂಘ ಮುಚ್ಬೇಕಾಗತ್ತೆ" ಎಂದಳು.

ಆ ದಿನ ಬೆಳಿಗ್ಗೆ ಪೆಂಡಾಲ್ ಬಂತು, ಮೈಕು ಬಂತು. ಕಂಪನಿಯ ಸಾಹೇಬ ಅದೇ ಪಟ್ಟಣದ ಕಾಚಿಗೂಡದಿಂದ ಹಲಗೆ ಮೇಳವನ್ನೂ ಕರೆಸಿದ್ದ. ಅದು ಶೈಲಾಗೂ ಗೊತ್ತಿರಲಿಲ್ಲ. ಮೈಕಿನವನು "ಹಲೋ ಹಲೋ" ಎಂದದ್ದೇ ತಡ, ಅರ್ಧ ಮರ ಬಿಸಿಲಿಗೆ ಎದ್ದಿತು. ಒಂದು ಮರಿ ನನ್ನ ಮುಂದೆಯೇ ಬಿತ್ತು. ಶೈಲಾ ಕೈಗವಸು ಹಾಕಿಕೊಂಡು ಎತ್ತುವಷ್ಟರಲ್ಲಿ ಉಸಿರಿರಲಿಲ್ಲ.

ಮೈಕಿನ ವೈರು ಕಿತ್ತೆ. ನಮ್ಮ ಕಡೆಯ ಮಾತಾಡುತ್ತಿದ್ದ ಮೇಳದ ಹಿರಿಯನ ಎದುರು ಹೋಗಿ ನಿಂತೆ.

"ಯಾ ಊರೋ ನಿಂದು?"

"ಚಿತ್ತಾಪುರ ಕಡಿ, ಯವ್ವಾ."

"ಬಾವಲಿ ಮರದ ತೆಳಗ ಮದುವಿ ಮೆರವಣಿಗಿ ಬಂದ್ರ ನಿಮ್ಮ ಕಡಿ ಏನ್ ಮಾಡ್ತಾರ?"

ಅವನು ತಲೆ ಎತ್ತಿ ಮರ ನೋಡಿದ. "ಹಲಗಿ ಬಗಲಾಗ ಇಟ್ಕೊಂಡು ಸುಮ್ಮ ದಾಟ್ತೀವಿ. ಬಾರಿಸಿದ್ರ ಮದುಮಕ್ಕಳಿಗೆ ಛಲೋ ಅಲ್ಲಂತ."

"ಮತ್ತ ಇಲ್ಲಿ ಬಂದು ಊರಿನ ಬುದ್ಧಿ ಮಾರ್ಕೊಂಡಿ ಏನು?"

ಅವನು ನಕ್ಕುಬಿಟ್ಟ. ಹಲಗೆ ಬಗಲಿಗೆ ಹೋಯಿತು. ಉಳಿದವರೂ ಹಾಗೇ ಮಾಡಿದರು.

ಸಾಹೇಬ ಹಿಂದಿಯಲ್ಲಿ ಕೂಗಾಡಿದ. ಈ ಮುದುಕಿಯನ್ನು ಆಚೆ ಕಳಿಸಿ, ಇಲ್ಲವಾದರೆ ಚೆಕ್ಕು ಇಲ್ಲ ಎಂದ.

"ನಿನ್ನ ಚೆಕ್ಕು ನೀನ ಇಟ್ಕೊ. ಮರಿ ಕೊಂದು ಬೇಲಿ ಹಾಕಿದ್ರ ಒಳಗ ಕಾಯೂದೇನು, ನಿನ್ನ ಫೋಟೋನ?" ಎಂದು ಶೈಲಾ ಕಡೆ ತಿರುಗಿದೆ. "ಹೇಳವ್ವಾ ಅವಗ, ಅವನ ಭಾಷಾದಾಗ."

ಶೈಲಾ ಕೈಗವಸು ಬಿಚ್ಚಿದಳು. ಆಮೇಲೆ ಒಂದು ಮಾತೂ ಬಿಡದೆ ಹೇಳಿದಳು.

ಸಾಹೇಬ ಹೋದ, ಚೆಕ್ಕೂ ಹೋಯಿತು. ಸಂಘದಲ್ಲಿ ಕಾಸು ತೀರಿ ನನ್ನ ಪಗಾರ ನಿಂತಿತು. ಮುಂಜಾನೆ ಮಂದಿ ಮನೆಯ ಪಾತ್ರೆ ತಿಕ್ಕಿ ಬಂದು ಮರದ ಕೆಳಗೆ ಕೂಡುತ್ತಿದ್ದೆ. ಅಲ್ಲಿಂದ ಮುಂದೆ ಶೈಲಾ ಹಣ ಕೊಡುತ್ತೇವೆಂದು ಬಂದವರನ್ನೆಲ್ಲ ಮೊದಲು ನನ್ನ ಪಕ್ಕ ಕೂಡಿಸತೊಡಗಿದಳು. ಒಂದು ತಾಸು, ಮಾತಿಲ್ಲದೆ, ಫೋನಿಲ್ಲದೆ. ಒಬ್ಬನ ಕೋಟಿನ ಮೇಲೆ ಬಾವಲಿ ಹಿಕ್ಕೆ ಹಾಕಿತು, ಎದ್ದು ನಡೆದ. ಇನ್ನೊಬ್ಬ ಗೊರಕೆ ಹೊಡೆದ. ಮಳೆಗಾಲ ಕಳೆದ ಮೇಲೆ ಸಣ್ಣ ಕಂಪನಿಯೊಂದರ ಹೆಣ್ಣುಮಗಳು ಬಂದಳು. ತಾಸು ಮುಗಿದರೂ ಏಳಲಿಲ್ಲ. ಅವರೇ ಬೇಲಿ ಹಾಕಿಸಿದರು, ವರ್ಷವರ್ಷವೂ ಕಾವಲಿನ ಖರ್ಚು ಕೊಟ್ಟರು. ಮರಕ್ಕೆ ನಿಮ್ಮ ಹೆಸರಿನ ಫಲಕ ಹಾಕಿಸೋಣವೇ ಎಂದು ಶೈಲಾ ಕೇಳಿದರೆ, ಮೊಳೆ ಹೊಡೆದರೆ ಸದ್ದಾಗುತ್ತದೆ, ಬೇಡ ಎಂದರಂತೆ.

ಮೊದಲಿನ ಆ ಚೆಕ್ಕು ಬಿಟ್ಟದ್ದು ಹುಚ್ಚುತನ ಎಂದು ನನ್ನ ಮಗ ಈಗಲೂ ಹಂಗಿಸುತ್ತಾನೆ. ತಿಂಗಳುಗಟ್ಟಲೆ ಮನೆಯಲ್ಲಿ ಬರೀ ಅಂಬಲಿ ಕುಡಿದದ್ದು ಖರೆ. ಆದರೆ ಆ ಮರಿ ನೆಲಕ್ಕೆ ಬಿದ್ದ ಸದ್ದು ಕೇಳಿದವಳು ನಾನು, ಅವನಲ್ಲ.