ಮೂರು ಕುರ್ಚಿಯ ಕೋಣೆ

ರಜೆಯಲ್ಲಿ ಮಂಗಳೂರಿಗೆ ಹೋದಾಗ ಯಾರಾದರೂ ಉದ್ಯೋಗ ಏನೆಂದು ಕೇಳಿದರೆ "ಅಣುವಿದ್ಯುತ್ ಕಂಪನಿಯಲ್ಲಿ" ಎನ್ನುತ್ತೇನೆ. ಅಷ್ಟಕ್ಕೇ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ನನ್ನ ಸೀರೆಯ ಸೆರಗಿನಿಂದ ವಿಕಿರಣ ಸೋರುತ್ತಿದೆಯೋ ಎಂಬಂತೆ. ಅಯ್ಯೋ, ನಾನು ಅಣುವನ್ನು ಕಣ್ಣಲ್ಲಿ ಕಂಡವಳೂ ಅಲ್ಲ. ನಾನು ನೋಡುವುದು ಮನುಷ್ಯರನ್ನು. ಯಂತ್ರದ ಮುಂದೆ ಕೂತವನು ಯಾವಾಗ ಗಲಿಬಿಲಿಗೊಳ್ಳುತ್ತಾನೆ, ಯಾವ ಗುಂಡಿ ಅವನ ಕೈಗೆಟಕುವುದಿಲ್ಲ, ಎಷ್ಟು ಅಲಾರಂ ಒಟ್ಟಿಗೆ ಹೊಡೆದರೆ ಅವನ ತಲೆ ಕೆಡುತ್ತದೆ, ಇದನ್ನೆಲ್ಲ ಗಮನಿಸಿ ಬರೆದು ಕೊಡುವುದು ನನ್ನ ಕೆಲಸ.

ನಾವಿರುವುದು ರಾಬಿಗ್‌ನಲ್ಲಿ, ಸೌದಿಯ ಕೆಂಪು ಸಮುದ್ರದ ದಂಡೆಯಲ್ಲಿ. ಗಂಡನಿಗೆ ಇಲ್ಲಿ ಗುತ್ತಿಗೆದಾರರ ಕಚೇರಿಯಲ್ಲಿ ಕೆಲಸ. ನಾನು ಮಾತ್ರ ಜಿದ್ದಾಕ್ಕೆ ಕಂಪನಿಯ ವ್ಯಾನಿನಲ್ಲಿ ಹೋಗಿ ಬರುವವಳು. ನಮ್ಮ ಕಂಪನಿ ಸಣ್ಣ ರಿಯಾಕ್ಟರುಗಳನ್ನು ಮಾರಲು ಹೊರಟಿದೆ. ಕಾರ್ಖಾನೆಯಲ್ಲೇ ಮಾಡಿ, ಹಡಗಿನಲ್ಲಿ ತಂದು, ಸಮುದ್ರದ ಪಕ್ಕ ಕೂರಿಸಿದರೆ ಕರೆಂಟೂ ಸಿಗುತ್ತದೆ, ಉಪ್ಪು ನೀರು ಸಿಹಿ ನೀರೂ ಆಗುತ್ತದೆ, ಹೊಗೆ ಇಲ್ಲ. ಇದನ್ನು ನಾನು ಸಂಬಳಕ್ಕಾಗಿ ಹೇಳುತ್ತಿಲ್ಲ, ನಂಬಿ ಹೇಳುತ್ತಿದ್ದೇನೆ. ಎಣ್ಣೆ ಸುಡುವ ಹಳೆಯ ವಿದ್ಯುತ್ ಸ್ಥಾವರದ ಕಡೆಯಿಂದ ಗಾಳಿ ಬೀಸಿದ ದಿನ ನಾನು ಒಣಗಲು ಹಾಕಿದ ಬಿಳಿ ಬಟ್ಟೆಯ ಗತಿ ನೋಡಿದ್ದರೆ ನೀವೂ ನಂಬುತ್ತಿದ್ದಿರಿ.

ಆ ಹಳೆಯ ಸ್ಥಾವರದ ಕಂಟ್ರೋಲ್ ರೂಮಿನಲ್ಲಿದ್ದವನು ನಮ್ಮ ಕೆಳಗಿನ ಮನೆಯವನು. ಉಳ್ಳಾಲದ ಬ್ಯಾರಿ ಮುಸ್ಲಿಮ, ನನಗಿಂತ ಸಾಕಷ್ಟು ಚಿಕ್ಕವನು. ನಮ್ಮೂರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನನ್ನು "ಬಾಯಮ್ಮ" ಎನ್ನುತ್ತಿದ್ದ. ನಾನು ಅವನನ್ನು "ಬ್ಯಾರಿ" ಎಂದೇ ಕರೆದು, ಸಿಕ್ಕಿದಾಗೆಲ್ಲ ಬೈಯುತ್ತಿದ್ದೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟದ್ದಕ್ಕೆ, ಸಿಗರೇಟು ಸೇದಿದ್ದಕ್ಕೆ, ಮಗಳ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡುವುದಕ್ಕೆ. ನನಗೆ ಇಷ್ಟವಾದವರಿಗೆ ಬೈಯದೆ ಇರಲಿಕ್ಕಾಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಅವನ ಹೆಂಡತಿ ನೈಪತ್ತಿರ್ ರೊಟ್ಟಿ ಕರಿದ ದಿನ ನಮ್ಮ ಪಾಲು ಬಿಸಿ ಆರುವ ಮೊದಲೇ ಮೇಲೆ ಬರುತ್ತಿತ್ತು.

ಹಳೆಯ ಸ್ಥಾವರ ಮುಚ್ಚುತ್ತದೆ ಎಂಬ ಸುದ್ದಿ ಖಚಿತವಾದಾಗ ಅವನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಳು. ಬೇರೆ ಕೆಲಸ ಸಿಗದಿದ್ದರೆ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಹೋಗುತ್ತದೆ, ಇಕಾಮಾ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಹತ್ತನೇ ಕ್ಲಾಸಿನ ಹೊಸ್ತಿಲಲ್ಲಿ ಮಗಳ ಶಾಲೆ ಬಿಡಿಸುವುದೊಂದೇ ಅವನ ಚಿಂತೆ. ದೂರದ ಬೆಟ್ಟದ ಊರು ಅಭಾದಲ್ಲಿ, ಆಸ್ಪತ್ರೆಯೊಂದರ ಜನರೇಟರ್ ವಿಭಾಗದಲ್ಲಿ ಒಂದು ಕೆಲಸವಿತ್ತು. ಸಂಬಳ ಕಡಿಮೆ, ಆದರೆ ಕುಟುಂಬವನ್ನು ಕರೆದುಕೊಂಡು ಹೋಗಬಹುದಿತ್ತು. ಅವನಿಗೆ ಮನಸ್ಸಿರಲಿಲ್ಲ. "ಇಷ್ಟು ವರ್ಷ ಟರ್ಬೈನ್ ನೋಡಿದವನು ಇನ್ನು ಜನರೇಟರಿಗೆ ಡೀಸೆಲ್ ಹೊಯ್ಯುವುದಾ ಬಾಯಮ್ಮ? ನಿಮ್ಮ ರಿಯಾಕ್ಟರಿನಲ್ಲಿ ಎಂತಾದ್ರೂ ಉಂಟಾ ನೋಡಿ ಮಾರಾಯ್ರೆ," ಎಂದ.

ಅದೇ ಹೊತ್ತಿಗೆ ನಮ್ಮ ಕಚೇರಿಗೆ ಅನುಭವಿ ಆಪರೇಟರುಗಳು ಬೇಕಾಗಿದ್ದರು, ಒಂದು ಪರೀಕ್ಷೆಗೆ. ಅವನ ಹೆಸರು ಕೊಟ್ಟವಳು ನಾನೇ.

ಆ ಪರೀಕ್ಷೆ ಏನೆಂದು ಇಲ್ಲಿ ಬಿಡಿಸಿ ಹೇಳುತ್ತೇನೆ, ಅವನಿಗೆ ಹೇಳಲಿಲ್ಲವಲ್ಲ. ದೊಡ್ಡ ರಿಯಾಕ್ಟರಿಗೆ ದೊಡ್ಡ ಪರಿವಾರ ಸಾಕಬಹುದು, ಸಣ್ಣದಕ್ಕೆ ಅದು ಗಿಟ್ಟುವುದಿಲ್ಲ. ಕೊಳ್ಳಲು ಬಂದವರು ಸುರಕ್ಷತೆಯ ಮಾತು ಮುಗಿಯುವ ಮೊದಲೇ ಕೇಳುವುದು, "ಪಾಳಿಗೆ ಎಷ್ಟು ಜನ ಬೇಕು?" ನಾಲ್ಕು ರಿಯಾಕ್ಟರುಗಳನ್ನು ಒಂದೇ ಕೋಣೆಯಿಂದ ಮೂವರು ನಡೆಸಬಲ್ಲರು ಎಂದು ನಮ್ಮ ವಿನ್ಯಾಸಕಾರರ ವಾದ. ಜಿದ್ದಾದಲ್ಲಿ ಬಾಡಿಗೆಯ ಹಾಲ್‌ನಲ್ಲಿ ಅಣಕು ಕಂಟ್ರೋಲ್ ರೂಮ್ ಕಟ್ಟಿ ಅದನ್ನು ಸಾಬೀತು ಮಾಡಬೇಕಿತ್ತು. ಮೂವರಿಂದ ಆಗದಿದ್ದರೆ ಆರು ಕುರ್ಚಿ, ಮೊದಲ ಸ್ಥಾವರದ ತರಬೇತಿಗೆ ಈಗಲೇ ಅಷ್ಟು ಜನರನ್ನು ತೆಗೆದುಕೊಳ್ಳಬೇಕು. ಆರಾದರೆ ಕಾನೂನಿನಂತೆ ಮೊದಲ ಮೂರು ಸೌದಿಯವರಿಗೆ ಕೊಟ್ಟು ಉಳಿದದ್ದು ಅವನಂಥ ಅನುಭವಿ ಹೊರಗಿನವರಿಗೆ. ಮೂರೇ ಆದರೆ ಹೊರಗಿನವರಿಗೆ ಒಂದೂ ಇಲ್ಲ. ಅಂದರೆ ಅವನು ಚೆನ್ನಾಗಿ ಮಾಡಿದಷ್ಟೂ ಅವನ ಕುರ್ಚಿಯೇ ಕಾಣೆಯಾಗುತ್ತದೆ. ಏನನ್ನು ಅಳೆಯುತ್ತಿದ್ದೇವೆಂದು ಭಾಗವಹಿಸುವವರಿಗೆ ಹೇಳಕೂಡದು, ಹೇಳಿದರೆ ಜನ ನಾಟಕ ಮಾಡುತ್ತಾರೆ ಎಂಬುದು ನಿಯಮ. ಬೇರೆಯವರಿಗೆ ಈ ನಿಯಮ ಕಲಿಸಿಕೊಟ್ಟವಳೂ ನಾನೇ.

ಅವನು ಅದನ್ನು ಕೆಲಸದ ಇಂಟರ್ವ್ಯೂ ಎಂದೇ ತಿಳಿದ. ಇಸ್ತ್ರಿ ಹಾಕಿದ ಶರ್ಟು, ಅತ್ತರು, ಹೊಸದಾಗಿ ಕತ್ತರಿಸಿದ ಗಡ್ಡ. ಅವನ ಜೊತೆಗೆ ಒಬ್ಬ ಈಜಿಪ್ಟಿನವ, ಒಬ್ಬ ಫಿಲಿಪಿನೋ. ನಾನು ಗಾಜಿನ ಹಿಂದೆ. ನಮಗೆ ಅವರು ಕಾಣುತ್ತಾರೆ, ಅವರಿಗೆ ಅದು ಬರೀ ಕನ್ನಡಿ.

ಶುರುವಿನಲ್ಲಿ ಎಲ್ಲ ಸಲೀಸು. ಆಮೇಲೆ ನಾವು ಒಂದು ರಿಯಾಕ್ಟರಿನ ನೀರಿನ ಪಂಪು ಕೆಡಿಸಿದೆವು. ಅದನ್ನು ಅವರು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದರ ಸಮುದ್ರದ ನೀರಿನ ದಾರಿ ಕಟ್ಟಿಸಿದೆವು. ಎಲ್ಲ ಕಂಪ್ಯೂಟರಿನಲ್ಲೇ, ಆದರೆ ಅಲಾರಂ ಮಾತ್ರ ನಿಜವಾದದ್ದು, ಕಿವಿ ಹರಿದುಹೋಗುವಂಥದ್ದು. ಈಜಿಪ್ಟಿನವ ಕಂಗಾಲಾಗಿ ಪರದೆಯನ್ನೇ ನೋಡುತ್ತ ಕೂತುಬಿಟ್ಟ. ತನ್ನ ಮೇಜು ತನಗೆ ಎಂದು ಬ್ಯಾರಿಯೂ ಕೂತಿದ್ದರೆ ಪರೀಕ್ಷೆ ಅಲ್ಲಿಗೆ ಬಿದ್ದುಹೋಗುತ್ತಿತ್ತು. ಕೂತುಕೋ ಮಾರಾಯ, ದಮ್ಮಯ್ಯ, ಕೂತುಕೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಅವನು ಎದ್ದ. ಕುರ್ಚಿಯನ್ನು ಕಾಲಿನಿಂದ ಆಚೆ ತಳ್ಳಿ, ಎರಡು ಮೇಜಿನ ನಡುವೆ ನಿಂತು, ಒಂದು ಕೈ ಇಲ್ಲಿ, ಒಂದು ಕೈ ಅಲ್ಲಿ. ಮದುವೆ ಊಟದಲ್ಲಿ ಪಕ್ಕದ ಸಾಲಿನವನು ತಡವಾದರೆ ಅವನ ಬಕೆಟನ್ನೂ ಎತ್ತಿಕೊಂಡು ಬಡಿಸುತ್ತಾರಲ್ಲ, ಹಾಗೆ. "ಯಲ್ಲಾ ಹಬೀಬಿ, ಶ್ವಯ್ ಶ್ವಯ್," ಗಾಬರಿ ಬೇಡ ನಿಧಾನ ಎಂದು ಈಜಿಪ್ಟಿನವನ ಬೆನ್ನು ತಟ್ಟಿದ. ಒಂದೊಂದಾಗಿ ಅಲಾರಂಗಳು ನಿಂತವು. ಎಲ್ಲ ಶಾಂತವಾದ ಮೇಲೆ ಕನ್ನಡಿಯ ಕಡೆ ತಿರುಗಿ, ನಾನು ಎಲ್ಲಿದ್ದೇನೆಂದು ತಿಳಿಯದೆ, ಅಂದಾಜಿಗೆ ಒಂದು ನಗು ಬೀರಿದ. ನನ್ನ ಪಕ್ಕದಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ತಟ್ಟದಿದ್ದರೆ ಅವರು ಏನಾದರೂ ಕೇಳುತ್ತಾರೆಂದು.

ವಾಪಸು ಬರುವಾಗ ವ್ಯಾನಿನಲ್ಲಿ ಕೇಳಿದ, "ಎಂತಾಯ್ತು ಬಾಯಮ್ಮ? ಪಾಸಾ?"

"ಚೆನ್ನಾಗಿ ಮಾಡಿದಿ."

"ಹಾಗಾದ್ರೆ ಅಭಾದವರಿಗೆ ಬೇಡ ಅಂತ ಹೇಳ್ಲಾ? ನಾಳೆ ಉತ್ತರ ಕೊಡ್ಲಿಕ್ಕುಂಟು."

ಅಭಾ ಒಳ್ಳೆಯ ಊರು, ತಂಪು ಹವೆ, ಹೋಗು. ಇಷ್ಟು ಹೇಳಿದ್ದರೆ ಸಾಕಿತ್ತು. ಯಾವ ಗುಟ್ಟೂ ಬಯಲಾಗುತ್ತಿರಲಿಲ್ಲ, ಯಾವ ನಿಯಮವೂ ಮುರಿಯುತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಆದರೆ ಎದುರಿಗಿದ್ದವನು ಅವನು. "ನನ್ನನ್ನು ಎಂತಕ್ಕೆ ಕೇಳುವುದು? ನಿನಗೆ ಬುದ್ಧಿ ಇಲ್ವಾ? ನಿನ್ನ ಇಷ್ಟ!" ಎಂದು ರೇಗಿಬಿಟ್ಟೆ. ಅವನು ನಕ್ಕ. ಬಾಯಮ್ಮ ಬೈದಳೆಂದರೆ ಎಲ್ಲ ಸರಿಯಾಗಿದೆ ಎಂದು ಅವನ ಲೆಕ್ಕ. ಅದನ್ನು ಕಲಿಸಿದ್ದೂ ನಾನೇ ಅಲ್ಲವೇ? ಮರುದಿನ ಅಭಾಕ್ಕೆ ಬೇಡ ಎಂದು ಹೇಳಿಬಿಟ್ಟ.

ವಿನ್ಯಾಸ ಮೂರು ಕುರ್ಚಿಗೆ ನಿಂತಿತು, ಕಚೇರಿಯಲ್ಲಿ ಕೇಕ್ ಕತ್ತರಿಸಿದರು. ಮನೆಯಲ್ಲಿ ಗಂಡ, "ಹೇಳಿದ್ದರೆ ನಿನ್ನ ಇಕಾಮಾಕ್ಕೇ ಕುತ್ತು ಬರುತ್ತಿತ್ತು, ಬಿಡು," ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು. ಅದು ನಿಜ ಎಂದೇ ನನಗೆ ಮೈಯೆಲ್ಲ ಉರಿಯಿತು. ವಾರಗಟ್ಟಲೆ ಕೆಳಗಿನ ಮನೆಯ ಬಾಗಿಲ ಮುಂದೆ ಸದ್ದಾಗದಂತೆ ಹೆಜ್ಜೆ ಇಟ್ಟು ಇಳಿದೆ. ಚಪ್ಪಲಿಗೆ ಬೈಯಲಿಲ್ಲ, ಸಿಗರೇಟಿಗೂ ಬೈಯಲಿಲ್ಲ.

ಸ್ಥಾವರ ಮುಚ್ಚಿತು, ನಮ್ಮ ಕಚೇರಿಯ ಕರೆಗೆ ಕಾಯುತ್ತಲೇ ಅವರು ಊರಿಗೆ ಹೊರಟರು. ಅವನ ಹೆಂಡತಿ ಕರಿಬೇವಿನ ಕುಂಡ ನನಗೆ ಕೊಟ್ಟು ಹೋದಳು. ಮಗಳು ಬಾಗಿಲಲ್ಲಿ ನಿಂತು, "ಥ್ಯಾಂಕ್ಯೂ ಆಂಟಿ, ಫಾರ್ ಟ್ರೈಯಿಂಗ್," ಎಂದಳು. ಪ್ರಯತ್ನ ಮಾಡಿದ್ದಕ್ಕಂತೆ! ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಈಗ ಆ ಪರೀಕ್ಷೆಯ ವಿಡಿಯೋ ನಮ್ಮ ಮಾರಾಟದ ಮುಖ್ಯ ಸಾಮಗ್ರಿ. ಕೊಳ್ಳುವವರು ಬಂದಾಗಲೆಲ್ಲ ತೋರಿಸುತ್ತೇವೆ, ಗುಂಡಿ ಒತ್ತುವುದು ನಾನು. ಮುಖ ಮಸುಕು ಮಾಡಿದ್ದಾರೆ. ಅವನು ಎದ್ದು ನಿಲ್ಲುತ್ತಾನೆ, ಒಂದು ಕೈ ಇಲ್ಲಿ, ಒಂದು ಕೈ ಅಲ್ಲಿ. "ನೋಡಿ, ಮೂವರು ಸಾಕು," ಎನ್ನುತ್ತಾರೆ ನಮ್ಮ ಮ್ಯಾನೇಜರು. ಕೊನೆಗೆ ಆ ಮಸುಕು ನನ್ನ ಕಡೆ ತಿರುಗುತ್ತದೆ. ಅದರೊಳಗೊಂದು ನಗು ಇದೆಯೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತು.

ಹೋದ ಶುಕ್ರವಾರ ಉಳ್ಳಾಲದಿಂದ ಅವನ ಫೋನು ಬಂತು. ಮಗಳಿಗೆ ಹೊಸ ಶಾಲೆ ಹಿಡಿಸಿಲ್ಲವಂತೆ, ಮನೆಯಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲವಂತೆ. ಅವನು ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಾನಂತೆ. "ನಿಮ್ಮವರು ಯಾವಾಗ ಕರೀತಾರೆ ಬಾಯಮ್ಮ? ಪಾಸಾಗಿದ್ದೆ ಅಲ್ವಾ?"

ಇನ್ನು ತಡೆಯಲಿಕ್ಕಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಮೂರು, ಆರು, ನಿಯಮ, ವ್ಯಾನಿನಲ್ಲಿ ರೇಗಿದ್ದು, ಎಲ್ಲ.

"ಅಂದ್ರೆ, ನಾನು ಆವತ್ತು ಏಳದೆ ಸುಮ್ನೆ ಕೂತಿದ್ರೆ...?"

"ಹೌದು ಮಾರಾಯ. ಕೂತಿದ್ದರೆ ಇವತ್ತು ನಿನಗೂ ಒಂದು ಕುರ್ಚಿ ಇರುತ್ತಿತ್ತು."

ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದು ಕಾದೆ. ಅವನ ದನಿಯಲ್ಲಿ ಇದ್ದದ್ದು ಸಿಟ್ಟಲ್ಲ, ಗೊಂದಲ. ನಿಜವಾಗಿಯೂ ಅರ್ಥವಾಗದೆ ಕೇಳಿದ.

"ಅಲ್ಲ ಬಾಯಮ್ಮ, ಪಕ್ಕದವನ ಅಲಾರಂ ಹಾಗೆ ಹೊಡ್ಕೊಳ್ತಾ ಇರುವಾಗ ಸುಮ್ನೆ ಕೂತ್ಕೊಳ್ಳುದು ಹೇಗೆ?"

ಹೇಗೆಂದು ನನಗೆ ಗೊತ್ತಿತ್ತು. ಆವತ್ತು ವ್ಯಾನಿನಲ್ಲಿ ಅವನ ಪಕ್ಕ ನಾನು ಹಾಗೆಯೇ ಕೂತಿದ್ದೆ.