ನಾಲ್ಕನೇ ಅಧ್ಯಾಯದೊಳಗೊಂದು ಗುಲಾಬಿ

ಏನು ಬರೆಯಬೇಕು ಎನ್ನುವುದಕ್ಕಿಂತ ಯಾವುದರಲ್ಲಿ ಬರೆಯಬೇಕು ಎನ್ನುವುದೇ ಆ ವರ್ಷ ನನ್ನ ತಲೆ ತಿಂದಿತ್ತು. ನನ್ನ ಪಿಎಚ್‌ಡಿ ಇಚಲಕರಂಜಿಯಲ್ಲಿ ಬಟ್ಟೆ ಪರೀಕ್ಷಿಸುವ ಹೆಂಗಸರ ಮೇಲೆ. ಅವರ ಮಾತು ಕನ್ನಡ, ನನ್ನ ವಿವರಣೆ ಮರಾಠಿ, ಅಡಿಟಿಪ್ಪಣಿ ಇಂಗ್ಲಿಷ್. ಎಲ್ಲರ ಕಂಪ್ಯೂಟರಿನಲ್ಲಿರುವ ಸಾಫ್ಟ್‌ವೇರ್ ಈ ಮೂರನ್ನೂ ಒಟ್ಟಿಗೆ ಕಂಡರೆ ಮೂರ್ಛೆ ಹೋಗುತ್ತಿತ್ತು. ಗಣಿತ ವಿಭಾಗದ ಗೆಳತಿ ಹೇಳಿಕೊಟ್ಟದ್ದರಲ್ಲಿ ಒಂದು ಪ್ಯಾರಾ ಬರೆಯಬೇಕಾದರೆ ಮೊದಲು ಆವರಣಚಿಹ್ನೆಗಳಿಗೆಲ್ಲ ಪೂಜೆ ಸಲ್ಲಿಸಬೇಕಿತ್ತು. ಇನ್ನೊಂದು, ಕಾದಂಬರಿ ಬರೆಯುವವರದಂತೆ, ನೋಡಲು ಚಂದ, ಆದರೆ ನನ್ನ ಉಲ್ಲೇಖಗಳನ್ನೆಲ್ಲ ನುಂಗಿ ನೀರು ಕುಡಿಯಿತು. ಸಮಾಜಶಾಸ್ತ್ರದವರು ಹೀಗೆ ಮೂರು ಭಾಷೆಯಲ್ಲಿ ಒದ್ದಾಡುತ್ತಾರೆಂದು ಇವುಗಳನ್ನು ಮಾಡಿದವರಿಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ. ಕೊನೆಗೆ ಇಂಟರ್ನೆಟ್ಟಿನಲ್ಲೇ ಇರುವ ಒಂದನ್ನು ಆರಿಸಿದೆ. ಮೊಬೈಲಿನಲ್ಲಿ ಬರೆದದ್ದು ಕಂಪ್ಯೂಟರಿನಲ್ಲಿ ತಾನಾಗಿ ಬಂದು ಕೂರುತ್ತಿತ್ತು. ನನ್ನ ಇಮೇಲ್ ಕೊಟ್ಟೆ, ಕೆಲಸ ಮುಗಿಯಿತು ಅಂದುಕೊಂಡೆ.

ಆ ದಿನ ಕೊಲ್ಹಾಪುರದಲ್ಲಿ ನನ್ನ ಗೈಡ್ ಮೇಡಂ ಎದುರು ನಾಲ್ಕನೇ ಅಧ್ಯಾಯ ತೆರೆದು ತೋರಿಸುತ್ತಿದ್ದೆ. ದುಡಿಯುವ ದೇಹ, ಅದರ ದಣಿವು ಎಂದೆಲ್ಲ ಗಂಭೀರವಾಗಿ ಬರೆದ ಪುಟ. ನಾವಿಬ್ಬರೂ ನೋಡುತ್ತಿದ್ದಂತೆಯೇ ಪುಟದ ನಟ್ಟನಡುವೆ ಒಂದು ಕೆಂಪು ಗುಲಾಬಿ ಬಂದು ಕುಳಿತಿತು. ಮೇಲೆ ಇಬ್ಬನಿ, ಕೆಳಗೆ ಬಂಗಾರದ ಅಕ್ಷರದಲ್ಲಿ ‘ಶುಭೋದಯ’.

“ಹೇ ಕಾಯ್ ಆಹೆ?” ಎಂದರು ಮೇಡಂ.

ಅದೇನೆಂದು ನನಗಾದರೂ ಏನು ಗೊತ್ತು? ನಾನು ಮೌಸ್ ಮುಟ್ಟಿರಲಿಲ್ಲ. ಖಾತೆ ಯಾವ ಯಾವ ಯಂತ್ರದಲ್ಲಿ ತೆರೆದಿದೆ ಎಂದು ನೋಡಲು ಮೇಡಂ ಹೇಳಿದರು. ನನ್ನ ಮೊಬೈಲಿನ ಕೆಳಗೆ ಇನ್ನೊಂದು ಮೊಬೈಲಿತ್ತು. ಅದರ ಮಾದರಿ ಓದಿದ ಕೂಡಲೇ ಗುರುತು ಸಿಕ್ಕಿತು. ಅದು ನನ್ನ ಮಾವಶಿಯ ಫೋನು.

ಮಾವಶಿ ಎಂದರೆ ನನ್ನ ಅವ್ವನ ತಂಗಿ. ಇಚಲಕರಂಜಿಯ ಒಂದು ಮೆಂಡಿಂಗ್ ಖಾತೆಯಲ್ಲಿ, ಅಂದರೆ ಮಗ್ಗದಿಂದ ಬಂದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ತಪ್ಪು ಹುಡುಕಿ ತಿದ್ದುವ ಕಡೆ, ಕೆಲಸಕ್ಕಿದ್ದಾಳೆ. ನನ್ನನ್ನು ಆ ಹೆಂಗಸರಿಗೆ ಪರಿಚಯಿಸಿದವಳೇ ಅವಳು. ಅವಳ ಫೋನನ್ನು ಶುರುಮಾಡಿಕೊಟ್ಟವಳು ನಾನು. ಇಮೇಲ್ ಕೇಳಿದಾಗ ನನ್ನದನ್ನೇ ಹಾಕಿದ್ದೆ. ನಮ್ಮ ಗಡಹಿಂಗ್ಲಜದ ಮನೆಯಲ್ಲೂ ಹಾಗೆಯೇ. ಓದಿದವರೊಬ್ಬರ ಇಮೇಲ್ ಎಂದರೆ ಊರ ಬಾವಿಯಿದ್ದಂತೆ, ಎಲ್ಲ ಹಿರಿಯರ ಫೋನಿಗೂ ಅದೇ ಇಮೇಲು, ಅದೇ ಪಾಸ್‌ವರ್ಡು. ಹೀಗೆ ಮಾಡದವರು ನಮ್ಮ ಬಳಗದಲ್ಲಿ ಯಾರಿದ್ದಾರೆ, ತೋರಿಸಿ.

ಹೊರಗೆ ಬಂದು ಫೋನ್ ಮಾಡಿದೆ. “ಮಾವಶಿ, ನಿನ್ನ ಫೋನದಾಗ ನಾ ಬರದದ್ದು ಕಾಣಸ್ತೈತೇನ?”

“ಕಾಣಸೂದಲ್ಲ ಯವ್ವಾ, ದಿನಾ ಓದಾಕತ್ತೇನಿ! ಊಟದ ಸೂಟಿದಾಗ ಎಲ್ಲಾರ್ಗೂ ಓದಿ ಹೇಳ್ತೇನಿ. ಆ ಮರಾಠಿದು ಬಿಡ್ತೇನಿ, ಅದು ತಿಳಿಯೂದಿಲ್ಲ. ನಮ್ಮ ಕನ್ನಡ ಮಾತು ಅಷ್ಟ. ಭಾಳ ಚಲೋ ಬರದಿ ನೋಡ, ಅದಕ್ಕ ಇವತ್ತ ಒಂದ ಗುಲಾಬಿ ಇಟ್ಟೇನಿ. ಮಾಲಕರ ಹೆಂಡ್ತಿನೂ ಬಂದು ಕುಂದರ್ತಾಳ ಕೇಳಾಕ.”

ಕರ್ನಾಟಕದ ಕಡೆಯ ಕನ್ನಡ ಶಾಲೆಯಲ್ಲಿ ಓದಿ ಬಂದ ಮಾವಶಿ ಆ ಖಾತೆಯಲ್ಲಿ ಎಲ್ಲರಿಗೂ ಲಗ್ನಪತ್ರಿಕೆ ಓದುವವಳು, ಊರಿಂದ ಬಂದ ಮೆಸೇಜು ಓದುವವಳು. ಓದಲು ಸಿಕ್ಕದ್ದನ್ನು ಒಬ್ಬಳೇ ಓದುವುದು ಅವಳ ಜಾಯಮಾನವಲ್ಲ.

“ಹೆಸರು ಬದಲಿ ಮಾಡಿದ್ರೂ ಎಲ್ಲಾರ್ನೂ ಹಿಡದೇವಿ,” ಎಂದು ಅವಳು ನಕ್ಕಳು. “ಒಬ್ಬಾಕಿ ಉಳದಾಳ. ಎಡಗಣ್ಣ ಕಾಣದಾಕಿ, ಬೆರಳಿಲೇ ಬಟ್ಟಿ ತಪಾಸ್ ಮಾಡಾಕಿ. ಆಕಿ ಯಾರ ಅಂತ ಮಾಲಕರ ಹೆಂಡ್ತಿನೂ ಕೇಳಾಕತ್ತಾಳ. ಇವತ್ತ ಹುಡಕತೇವಿ.”

ಆ ಹೆಂಗಸು ಕೊರೋಚಿಯಿಂದ ಬರುವವಳು, ಮಾವಶಿಯ ಎದುರಿನ ಮೇಜಿನಲ್ಲೇ ನಿಲ್ಲುವವಳು. ಕಣ್ಣಿನ ಸುದ್ದಿ ಗೊತ್ತಾದರೆ ಅಂದೇ ಮನೆಗೆ ಕಳಿಸುತ್ತಾರೆಂದು ತನ್ನ ಗಂಡನಿಗೂ ಹೇಳಿರಲಿಲ್ಲ. ಮಾಳಿಗೆಯ ಮೇಲೆ ನನ್ನೊಬ್ಬಳಿಗೆ, ಮಾತು ತೆಗೆದುಕೊಂಡು ಹೇಳಿದ್ದಳು. ಅವಳ ಮಾತನ್ನು ಅವಳ ಎದುರಿಗೇ ಓದಿದ್ದಾರೆ!

“ಅದನ್ನ ಓದಿದಾಗ ಯಾರ ಏನಂದ್ರು?” ಎಂದು ಕೇಳಿದೆ.

“ಎಲ್ಲಾರೂ ಮರಗಿದ್ರು. ನಮ್ಮ ಕೊರೋಚಿಯಾಕಿ ಅಂದ್ಲು, ‘ಪಾಪ, ಯಾರಿರಬೇಕ್ರಿ ಆಕಿ?’ ಅಂತ.”

ಒಳಗೆ ಹೋಗಿ ಹೇಳಿದಾಗ, ಮಾವಶಿಯ ಫೋನಿನಿಂದ ನನ್ನ ಖಾತೆಯನ್ನು ಇಲ್ಲಿಂದಲೇ ತೆಗೆದುಹಾಕು ಎಂದರು ಮೇಡಂ. ಆದರೆ ಓದಿದ್ದನ್ನು ಅವರ ತಲೆಯಿಂದ ತೆಗೆಯುವ ಗುಂಡಿ ಯಾವ ಸಾಫ್ಟ್‌ವೇರಿನಲ್ಲಿದೆ? ಸಿಟ್ಟು ಮಾವಶಿಯ ಮೇಲೋ, ನನ್ನ ಮೇಲೋ, ಆ ದರಿದ್ರ ಗುಲಾಬಿಯ ಮೇಲೋ ತಿಳಿಯದೆ, ಏನನ್ನೂ ತೆಗೆಯದೆಯೇ ಇಚಲಕರಂಜಿಯ ಬಸ್ಸು ಹತ್ತಿದೆ.

ಊಟದ ಸೂಟಿ ಇನ್ನೂ ಆಗಿರಲಿಲ್ಲ. ನನ್ನನ್ನು ಕಂಡದ್ದೇ ಕೊರೋಚಿಯವಳು ನೀರು ಕುಡಿಯುವ ನೆಪದಲ್ಲಿ ನಲ್ಲಿಯ ಕಡೆ ಎದ್ದು ಬಂದಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಫೋನದಾಗಿಂದು ತಗೀಬ್ಯಾಡ್ರಿ,” ಎಂದಳು. “ಇವತ್ತ ತಗದ್ರ ಎಲ್ಲಾರ್ಗೂ ಸಂಶೇ ಬರ್ತೈತಿ. ಆಕಿನ್ನ ಬ್ಯಾರೆ ಊರಿಗೆ ಕಳಸಿಬಿಡ್ರಿ.”

“ಯಾರ್ನ?”

“ನನ್ನ. ಅಕಿವಾಟಕ್ಕ ಕಳಸ್ರಿ. ಅಲ್ಲಿ ನಮ್ಮವರು ಯಾರೂ ಇಲ್ಲ.”

ಇಷ್ಟು ಹೇಳಿ ಮೇಜಿಗೆ ಹೋಗಿ ನಿಂತಳು. ಕ್ಷೇತ್ರಕಾರ್ಯದ ಸತ್ಯಾಸತ್ಯತೆಯ ಬಗ್ಗೆ ನಾನು ಓದಿದ್ದೆಲ್ಲ ಆ ನಲ್ಲಿಯ ನೀರಿನ ಜೊತೆ ಹರಿದುಹೋಯಿತು. ಗೋಡೆಗೊರಗಿ ಮೊಬೈಲಿನಲ್ಲಿ ಅವಳ ಪುಟ ತೆರೆದೆ. ಗುಲಾಬಿ ಅಳಿಸಿದೆ. ಅವಳು ಅಕಿವಾಟದವಳು, ಅಲ್ಲಿಯೇ ಒಂದು ಖಾತೆಯಲ್ಲಿ ಕೆಲಸ ಮಾಡುತ್ತಾಳೆ ಎಂದು ಕನ್ನಡದಲ್ಲೇ ಬರೆದೆ.

ಊಟದ ಸೂಟಿಯಾಗಿ ಎಲ್ಲರೂ ಬುತ್ತಿ ಬಿಚ್ಚಿದರು. ಮಾಲಕರ ಹೆಂಡತಿ ಎಂದಿನಂತೆ ಬಂದು ಮಡಿಸಿಟ್ಟ ಬಟ್ಟೆಯ ತಾಗಾಗಳ ಒಟ್ಟಿಲಿನ ಮೇಲೆ ಕುಳಿತರು. ಮಾವಶಿ ಕನ್ನಡಕ ಏರಿಸಿ ಓದತೊಡಗಿದವಳು ಥಟ್ಟನೆ ನಿಂತಳು.

“ಅಯ್ಯ! ಆಕಿ ಅಕಿವಾಟದಾಕಿ ಅಂತ! ನಾವು ಸುಮ್ಮನ ಇಲ್ಲಿ ಹುಡಕಾಕತ್ತೇವಿ.”

“ಹೌದೇನ್ರಿ? ನಾ ನಮ್ಮ ಖಾತೇದಾಗಿನಾಕಿ ಅಂತ ತಿಳದಿದ್ನಿ,” ಎಂದರು ಮಾಲಕರ ಹೆಂಡತಿ, ಎದ್ದು ಸೀರೆ ಕೊಡವಿಕೊಂಡು ಒಳಗೆ ಹೋದರು.

ಕೊರೋಚಿಯವಳು ರೊಟ್ಟಿ ಮುರಿಯುತ್ತ ಕೇಳಿದಳು. “ಆಕಿನ್ನ ಅಲ್ಲಿ ಕೆಲಸಾ ಬಿಡಸ್ಯಾರೇನ್ರಿ?”

ಮಾವಶಿ ಪರದೆಯ ಮೇಲೆ ಬೆರಳಾಡಿಸಿ ಹುಡುಕಿದಳು. “ಅದನ್ನ ಬರದಿಲ್ಲ,” ಎಂದು ನನ್ನ ಮುಖ ನೋಡಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ಒಬ್ಬಳು ಮಾತ್ರ, ಬಲಗಣ್ಣು ನನ್ನ ಕಡೆ ಬರುವಂತೆ, ಕತ್ತನ್ನು ತುಸು ಹೆಚ್ಚೇ ತಿರುಗಿಸಿದ್ದಳು.

“ಇಲ್ರಿ,” ಎಂದೆ. “ಆಕಿ ಇನ್ನೂ ಕೆಲಸದಾಗ ಅದಾಳ.”