ಒಂಬತ್ತು ಒಂಟೆ, ಒಬ್ಬ ಕೌಬಾಯ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ಶುಕ್ರವಾರ ಕುವೈತಿನ ಮರಳುಗಾಡಿನಲ್ಲಿ ಒಂಬತ್ತು ಒಂಟೆಗಳಿಗೆ ಸುಳ್ಳು ಹೇಳಿದವನು ನಾನೇ. ಅದೂ ಇನ್ನೊಬ್ಬನ ಗಂಟಲಿನಲ್ಲಿ.

ಬೇರೆಯವರ ದನಿ ಕದಿಯುವುದು ನನ್ನ ಹಳೇ ಚಟ, ನಿಮಗೆ ಗೊತ್ತೇ ಇದೆ. (ಸಂಪಾದಕರ ಕೆಮ್ಮನ್ನು ಅವರೆದುರೇ ಕೆಮ್ಮಿ ಎರಡು ವಾರ ಈ ಅಂಕಣ ಕಳೆದುಕೊಂಡವನಲ್ಲವೇ?) ಬೇಸಿಗೆಗೆಂದು ಸಾಲ್ಮಿಯಾದ ಅಕ್ಕನ ಮನೆಗೆ ಬಂದವನು ಮೊದಲ ವಾರವೇ ಭಾವನನ್ನು ಕಲಿತುಬಿಟ್ಟೆ. ವೀಸಾ ಕೊಟ್ಟ ಯಜಮಾನ, ಅಂದರೆ ಕಫೀಲ್, ಫೋನ್ ಮಾಡಿದರೆ ಭಾವ ಎದ್ದು ನಿಂತು ಬಗ್ಗಿ ಮಾತಾಡುತ್ತಾರೆ. ಫೋನಿಗೆ ಬೆನ್ನು ಕಾಣುತ್ತದೆಯೇ?

ಎರಡನೇ ವಾರ ವಿಡಿಯೋ ಕ್ಯಾಸೆಟ್‌ಗಳ ಸರದಿ. ಹೊರಗೆ ಬೆಂಕಿ ಬಿಸಿಲು, ಒಳಗೆ ಎ.ಸಿ. ದಿನಕ್ಕೆರಡರಂತೆ ಕೌಬಾಯ್ ಪಿಕ್ಚರ್ ನೋಡಿದೆ. ತೊಂಬತ್ತನೇ ಇಸವಿಯಲ್ಲೂ ಕೌಬಾಯ್ ಆಗುವ ಆಸೆಯೇ ಎಂದು ಕೇಳಬೇಡಿ. ಅಗಲ ಅಂಚಿನ ಹ್ಯಾಟು ಕೊಂಡೆ. ಬೂಟು ಭಾವನದ್ದು, ಒಂದು ಸೈಜು ದೊಡ್ಡದು. ಕಾಲು ಅಗಲಿಸಿ ನಡೆದರೆ ಸಾಕ್ಷಾತ್ ಟೆಕ್ಸಾಸ್! (ತೊಡೆಯಲ್ಲಿ ಕಜ್ಜಿ ಆಗಿರಬೇಕೆಂದು ಅಕ್ಕ ಪೌಡರ್ ತಂದುಕೊಟ್ಟಳು.)

ಕೌಬಾಯ್ ಸಿದ್ಧ. ಕೌ ಎಲ್ಲಿ?

ಸುಲೈಬಿಯಾ ದಾಟಿ ಒಂದಷ್ಟು ದೂರ ಹೋದರೆ ಭಾವನ ಕಫೀಲನ ಒಂಟೆಗಳಿವೆ. ನೋಡಿಕೊಳ್ಳುವವನು ಬಲೂಚಿಸ್ತಾನದ ಮುರಾದ್ ಭಾಯಿ. ಅಲ್ಲಿ ಬೇಲಿ ಇಲ್ಲ, ಗೇಟಿಲ್ಲ. ಒಂದು ಡೇರೆ, ಒಂದು ಸಿಮೆಂಟಿನ ತೊಟ್ಟಿ, ಅಷ್ಟೆ. ಸಂಜೆ ಟ್ಯಾಂಕರ್ ಬಂದು ತೊಟ್ಟಿ ತುಂಬಿಸಿದ ಮೇಲೆ ಆತ ಬಾಯಿಗೆ ಅಂಗೈ ಹಿಡಿದು ಒಂದು ಕೂಗು ಹಾಕುತ್ತಾನೆ. ದೂರದಲ್ಲಿ ಚುಕ್ಕಿಗಳಂತಿದ್ದ ಒಂಟೆಗಳು ನೇರ ತೊಟ್ಟಿಗೆ ಬರುತ್ತವೆ.

ಅದಕ್ಕೂ ಹಿಂದಿನ ವಾರ ಭಾವನ ಜೊತೆ ಹೋಗಿ ಅದನ್ನು ಕೇಳಿದ್ದೇ ತಡ, ಬಚ್ಚಲುಮನೆಯಲ್ಲಿ ನನ್ನ ಅಭ್ಯಾಸ ಶುರು. ಮೇಲಿನ ಫ್ಲ್ಯಾಟಿನ ಬಾಯಮ್ಮ ಇಳಿದು ಬಂದು ಅಕ್ಕನನ್ನು ಕೇಳಿದರು: “ನಿಮ್ಮ ತಮ್ಮನಿಗೆ ಹೊಟ್ಟೆ ಸಮ ಇಲ್ವಾ?”

ಕಳೆದ ಶುಕ್ರವಾರ ಮಧ್ಯಾಹ್ನವೇ ಹೋದೆವು. ಭಾವ ಡೇರೆಯೊಳಗೆ ಮುರಾದ್ ಭಾಯಿಯ ಚಾ ಕುಡಿಯುತ್ತಿದ್ದರು. ಕ್ಯಾಮೆರಾ ಅಕ್ಕನ ಮಗಳು ಶ್ರುತಿಯ ಕೈಯಲ್ಲಿ. ಒಂಟೆಗಳು ಮಾತ್ರ ಫೋಟೋಕ್ಕೆ ಸಿಗದಷ್ಟು ದೂರ. ನಾನು ಹ್ಯಾಟು ಸರಿಮಾಡಿಕೊಂಡು ತೊಟ್ಟಿಯ ಪಕ್ಕ ನಿಂತು ಕೂಗಿದೆ.

ಒಂಬತ್ತು ಕುತ್ತಿಗೆಗಳು ಒಟ್ಟಿಗೆ ತಿರುಗಿದವು! ಯಾವ ಸ್ಟೇಜಿನಲ್ಲೂ ನನಗೆ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ಆಮೇಲೆ ಓಡಿಬರತೊಡಗಿದವು.

“ಮಾಮಾ, ದೇ ಆರ್ ನಾಟ್ ಸ್ಟಾಪಿಂಗ್!” ಎನ್ನುತ್ತ ಶ್ರುತಿ ಕಾರಿನೊಳಗೆ ಹೊಕ್ಕಳು. ಹಿಂದೆಯೇ ನಾನು. ಎಡಗಾಲಿನ ಬೂಟು ಮರಳಿನಲ್ಲೇ ಉಳಿಯಿತು.

ಒಂಟೆಗಳಿಗೆ ನಾನು ಬೇಕಿರಲಿಲ್ಲ. ಒಣಗಿದ ತೊಟ್ಟಿಯೊಳಗೆ ಮೂತಿಯಿಟ್ಟು ನೋಡಿದವು. ಆಮೇಲೆ ತಲೆಯೆತ್ತಿ ಡೇರೆಯನ್ನೇ ನೋಡುತ್ತ ನಿಂತವು.

ಮುರಾದ್ ಭಾಯಿ ಹೊರಬಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನೀರಿಲ್ಲದೆ ಈ ಕೂಗು ಹಾಕಬಾರದು ಭಾಯಿ,” ಎಂದ ತನ್ನ ಉರ್ದುವಿನಲ್ಲಿ. “ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಹಾಕಿಲ್ಲ. ಈಗ ಸುಳ್ಳಾದರೆ ಸಂಜೆ ನಾನು ಕೂಗಿದಾಗ ಇವು ಯಾಕೆ ಬರಬೇಕು? ಒಂದು ಒಂಟೆ ಕಳೆದರೂ ಕಫೀಲ್ ನನ್ನನ್ನು ಊರಿಗೆ ಕಳಿಸ್ತಾನೆ.”

ಭಾವನಿಗೆ ಚಾ ನೆತ್ತಿಗೇರಿತು. “ಎಂತ ಮಾರಾಯ! ನಿನ್ನ ಮಂಡೆ ಸಮ ಉಂಟಾ? ಮನುಷ್ಯರು ಸಾಲದೂಂತ ಈಗ ಒಂಟೆಗಳ ಹತ್ರವೂ ತಮಾಷೆಯಾ?”

ಉಳಿದದ್ದು ಒಂದೇ ದಾರಿ: ಹೇಳಿದ ಸುಳ್ಳನ್ನು ನಿಜ ಮಾಡುವುದು. ಮುರಾದ್ ಭಾಯಿ ತನ್ನ ಅಡುಗೆ, ಸ್ನಾನಕ್ಕೆಂದು ಇಟ್ಟುಕೊಂಡಿದ್ದ ಮೂರು ಡ್ರಮ್ಮುಗಳ ಮುಚ್ಚಳ ತೆಗೆದು ನನ್ನ ಕೈಗೆ ಬಕೆಟ್ ಕೊಟ್ಟ. “ಯಲ್ಲಾ, ಶುರು ಮಾಡು.”

ಒಂಟೆ ನೀರು ಕುಡಿಯುವುದನ್ನು ನೋಡಿದ್ದೀರಾ? ಅದು ಕುಡಿಯುವುದಲ್ಲ, ಹೀರುವುದು. ನಾನು ಸುರಿದು ಬೆನ್ನು ತಿರುಗಿಸುವಷ್ಟರಲ್ಲಿ ತೊಟ್ಟಿಯ ತಳ ಕಾಣುತ್ತಿತ್ತು. ಮೊದಲ ಡ್ರಮ್ಮಿಗೆ ನನ್ನ ಟೆಕ್ಸಾಸ್ ನಡಿಗೆ ಹೋಯಿತು. ಎರಡನೆಯದಕ್ಕೆ ಭಾವನೂ ಅಂಗಿ ಕಳಚಿ ಸೇರಿಕೊಂಡರು. ಮೂರನೆಯದು ಮುಗಿದಾಗ ಕಾರಿನಲ್ಲಿದ್ದ ನಮ್ಮ ಕುಡಿಯುವ ನೀರಿನ ಕ್ಯಾನೂ ಖಲಾಸ್. ನೋಡಿದ ಅಷ್ಟೂ ಪಿಕ್ಚರುಗಳಲ್ಲಿ ಒಬ್ಬನೇ ಒಬ್ಬ ಕೌಬಾಯ್ ಬಕೆಟ್ ಹೊತ್ತದ್ದನ್ನು ನಾನು ಕಂಡಿರಲಿಲ್ಲ. ಆ ದನಗಳಿಗೆಲ್ಲ ನೀರು ಕೊಟ್ಟವರು ಯಾರು ಸ್ವಾಮೀ?

ಒಂಟೆಗಳು ಬಾಯಿ ಚಪ್ಪರಿಸಿ ಮತ್ತೆ ದೂರ ಹೋದವು.

ಸಂಜೆ ಟ್ಯಾಂಕರ್ ಬಂತು. ತೊಟ್ಟಿ ತುಂಬಿತು, ಡ್ರಮ್ಮುಗಳೂ ತುಂಬಿದವು. ಮುರಾದ್ ಭಾಯಿ ಬಾಯಿಗೆ ಅಂಗೈ ಹಿಡಿದ. ಆತ ಕೂಗಿದ.

ಯಾವ ಕುತ್ತಿಗೆಯೂ ತಿರುಗಲಿಲ್ಲ.

ಆತ ಮತ್ತೊಮ್ಮೆ ಕೂಗಲಿಲ್ಲ, ಸುಮ್ಮನೆ ಕಾದ. ಆ ಒಂದು ನಿಮಿಷ ನಾನು ಯಾರ ದನಿಯನ್ನೂ ಅನುಕರಿಸಲಿಲ್ಲ. ಕೊನೆಗೆ ಒಂದು ಮುದಿ ಒಂಟೆ, ಹೆಣ್ಣು, ಮೆಲ್ಲಗೆ ಈ ಕಡೆ ಹೆಜ್ಜೆಯಿಟ್ಟಿತು. ಅದರ ಹಿಂದೆ ಇನ್ನೊಂದು. “ಸೆವೆನ್, ಏಯ್ಟ್, ನೈನ್!” ಎಂದು ಶ್ರುತಿ ಕುಣಿದಳು. ಮುರಾದ್ ಭಾಯಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ.

ಸಮಾಧಾನವಾದದ್ದೇ ತಡ, ಹಳೇ ಚಟ ಮತ್ತೆ ಗಂಟಲಿಗೆ ಬಂತು.

“ಮುರಾದ್ ಭಾಯಿ, ಮುಂದಿನ ಶುಕ್ರವಾರ ನಾನೂ ಒಂದು ಸಲ ಕೂಗಲಾ?”

ಆತ ಮುದಿ ಒಂಟೆಯ ಕುತ್ತಿಗೆ ಸವರುತ್ತ ಹೇಳಿದ: “ಧಾರಾಳವಾಗಿ ಕೂಗು, ಭಾಯಿ. ಅವತ್ತು ಟ್ಯಾಂಕರ್ ಬೇಡ ಅಂತ ಹೇಳಿ ಬಕೆಟ್ ತೆಗೆದಿಡ್ತೇನೆ.”